ಹಳೇ ಜೀಪಿಗೆ ಬೇರೆ ಎಂಜಿನ್: ಗೇರ್‌ಬಾಕ್ಸ್ ಕೂಡಿಸುವ ಕೆಲಸವನ್ನು ಕ್ರಮವಾಗಿ ಮಾಡುವುದು ಹೇಗೆ

ಮಲೆನಾಡಿನ ಕಾಫಿ ತೋಟಗಳಲ್ಲಿ, ಮಾಂದಲಪಟ್ಟಿಯ ದಾರಿಯಲ್ಲಿ ಓಡಾಡುವ ಹಳೇ ಜೀಪುಗಳ ಬಾನೆಟ್ ಎತ್ತಿದರೆ ಒಳಗೆ ಏನು ಸಿಗುತ್ತದೆ ಎಂದು ಹೇಳಲಾಗದು. ಪೆಟ್ರೋಲ್ ಜೀಪಾಗಿ ಹುಟ್ಟಿದ ಗಾಡಿಗೆ ಪ್ಯೂಜೋ ಡೀಸೆಲ್ ಬಂದಿರುತ್ತದೆ, ಇಲ್ಲವೇ ಮ್ಯಾಟಡೋರಿನದ್ದು, ಟೊಯೋಟಾದ್ದು, ಕಡೆಗೆ ಟ್ರ್ಯಾಕ್ಟರಿನದ್ದೂ ಕೂತಿರುತ್ತದೆ. ಎಂಜಿನ್ ಕೂರಿಸುವುದು ಅಂಥ ಕಷ್ಟವೇನಲ್ಲ. ಅದರ ಹಿಂದೆ ಗೇರ್‌ಬಾಕ್ಸ್ ಕೂರಿಸುವುದರಲ್ಲೇ ಹೆಚ್ಚಿನ ಜನ ಎಡವುವುದು. ಗಾಡಿ ಹೊರಗೆ ಬಂದು ಕೆಲವು ತಿಂಗಳಿಗೆ ಟಾಪ್ ಗೇರ್ ತಾನಾಗಿ ಜಾರತೊಡಗುತ್ತದೆ, ಕ್ಲಚ್ ತುಳಿದರೆ ಕಿರುಗುಟ್ಟುತ್ತದೆ, ಕ್ಲಚ್ ಪ್ಲೇಟಿನ ಹಬ್ ಕಿತ್ತು ಬರುತ್ತದೆ. ಆಗ ಎಲ್ಲರೂ ಹೇಳುವ ಮಾತು ಒಂದೇ: ‘ಎಂಜಿನ್ ಪವರ್ ಜಾಸ್ತಿ ಆಯ್ತು, ಗೇರ್‌ಬಾಕ್ಸ್ ತಡೀಲಿಲ್ಲ.’

ಬಹುಪಾಲು ಇದು ಪವರಿನ ತಪ್ಪಲ್ಲ. ಎಂಜಿನ್ನಿನ ಕ್ರ್ಯಾಂಕ್ ತಿರುಗುವ ಗೆರೆ, ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ತಿರುಗುವ ಗೆರೆ, ಇವೆರಡೂ ಒಂದೇ ಆಗಿರಬೇಕು; ಸೆಂಟರ್ ಎನ್ನುವುದು ಇದನ್ನೇ. ಕೂದಲೆಳೆಯಷ್ಟು ಆಚೀಚೆ ಆದರೂ ಪ್ರತಿ ಸುತ್ತಿಗೂ ಶಾಫ್ಟ್ ಬಾಗುತ್ತಿರುತ್ತದೆ, ಬೇರಿಂಗ್ ಒದೆ ತಿನ್ನುತ್ತಿರುತ್ತದೆ. ಉಳಿದ ಎಲ್ಲ ದೋಷಗಳನ್ನೂ ಗಾಡಿ ಓಡಿಸುತ್ತ ತಿದ್ದಿಕೊಳ್ಳಬಹುದು, ಇದೊಂದನ್ನು ಮಾತ್ರ ಆಮೇಲೆ ತಿದ್ದಲಾಗದು. ಹಾಗಾಗಿ ಈ ಬರಹದ ಹೆಚ್ಚಿನ ಜಾಗ ಅದಕ್ಕೇ ಮೀಸಲು.

ಉದಾಹರಣೆಗೆ ಮಹೀಂದ್ರಾ ಸಿಜೆ-3ಬಿ ಜೀಪನ್ನೇ ತೆಗೆದುಕೊಳ್ಳುತ್ತೇನೆ. ಮೂಲದಲ್ಲಿ ಇದಕ್ಕೆ 134 ಘನ ಇಂಚಿನ, ಅಂದರೆ ಸುಮಾರು 2200 ಸಿಸಿಯ ಹರಿಕೇನ್ ಪೆಟ್ರೋಲ್ ಎಂಜಿನ್, 3 ಗೇರಿನ ಟಿ-90 ಬಾಕ್ಸ್, ಅದರ ಬೆನ್ನಿಗೆ, ಬಲವನ್ನು ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಸ್ಪೈಸರ್ 18 ಟ್ರಾನ್ಸ್‌ಫರ್ ಕೇಸ್. ಹರಿಕೇನಿನಲ್ಲಿ ಇನ್‌ಟೇಕ್ ವಾಲ್ವ್ ಹೆಡ್ಡಿನಲ್ಲಿದೆ, ಎಕ್ಸಾಸ್ಟ್ ವಾಲ್ವ್ ಬ್ಲಾಕಿನಲ್ಲಿದೆ. ಎಂಜಿನ್ ಎತ್ತರವಾಗಿದ್ದರಿಂದಲೇ ಈ ಮಾದರಿಯ ಬಾನೆಟ್ ಅಷ್ಟು ಮೇಲೆದ್ದು ನಿಂತಿರುವುದು. ಅದೇ ಎತ್ತರ ಈಗ ಡೀಸೆಲ್ ಎಂಜಿನ್ ಕೂರಿಸುವವರಿಗೆ ಅನುಕೂಲವಾಗಿದೆ.

ಸ್ಪ್ಯಾನರ್ ಹಿಡಿಯುವ ಮುನ್ನ

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿ ಪುಸ್ತಕದಲ್ಲಿರುವ ವಿವರಕ್ಕೂ ತಯಾರಕರು ಕೊಟ್ಟ ಮೂಲ ವಿವರಕ್ಕೂ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಒತ್ತಿ ಹೇಳಿತು. ಎಂಜಿನ್ ಬದಲಿಸುವುದಕ್ಕೆ ನೋಂದಣಿ ಪ್ರಾಧಿಕಾರದ ಒಪ್ಪಿಗೆ ಬೇಕು. ಪೆಟ್ರೋಲ್ ಹೋಗಿ ಡೀಸೆಲ್ ಬಂದರಂತೂ ಪುಸ್ತಕದಲ್ಲಿ ಎಂಜಿನ್ ನಂಬರ್ ಜೊತೆಗೆ ಇಂಧನದ ಕಾಲಮ್ಮೂ ಬದಲಾಗಬೇಕು. ಆದ್ದರಿಂದ ಹಣ ಕೊಟ್ಟು ಎಂಜಿನ್ ತರುವ ಮುಂಚೆಯೇ ಆರ್‌ಟಿಓದಲ್ಲಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ‘ಆಮೇಲೆ ನೋಡ್ಕೊಳ್ಳೋಣ’ ಎಂದು ಬಿಟ್ಟ ಗಾಡಿಗೆ ಅಪಘಾತವಾದಾಗ ವಿಮೆಯವರು ಮೊದಲು ನೋಡುವುದು ಎಂಜಿನ್ ನಂಬರನ್ನೇ. ಒಪ್ಪಿಗೆ ಸಿಗುವುದಿಲ್ಲ ಎಂದಾದರೆ ಇದು ತೋಟದ ಬೇಲಿಯೊಳಗೆ ಓಡುವ ಗಾಡಿಗಷ್ಟೇ ಸರಿ.

1. ಜೋಡಿ ಆರಿಸುವುದು

ಕೂಡಿಸುವುದಕ್ಕೆ ಮೂರು ದಾರಿಗಳಿವೆ.

ಮೊದಲನೆಯದು, ಕಾರ್ಖಾನೆಯೇ ಮಾಡಿದ ಜೋಡಿ. ಮಹೀಂದ್ರಾದವರೇ ಎಂಎಂ540 ಜೀಪಿನಲ್ಲಿ 2112 ಸಿಸಿಯ ಪ್ಯೂಜೋ ಎಕ್ಸ್‌ಡಿಪಿ 4.90 ಡೀಸೆಲ್ ಎಂಜಿನ್ನಿಗೆ 4 ಗೇರಿನ ಕೆಎಂಟಿ90 ಬಾಕ್ಸ್ ಕೂಡಿಸಿದ್ದರು. ಆ ಎರಡರ ನಡುವಿನ ಬೆಲ್ ಹೌಸಿಂಗ್, ಅಂದರೆ ಕ್ಲಚ್ಚನ್ನು ಮುಚ್ಚುವ ಗಂಟೆಯಾಕಾರದ ಎರಕದ ಕವಚ, ಸಿದ್ಧವಾಗಿಯೇ ಸಿಗುತ್ತದೆ. ಎರಡನೆಯದು, ನಿಮ್ಮ ಎಂಜಿನ್ನಿನ ಬೆಲ್ ಹೌಸಿಂಗಿಗೂ ನಿಮ್ಮ ಬಾಕ್ಸಿಗೂ ನಡುವೆ ಅಡಾಪ್ಟರ್ ಪ್ಲೇಟ್, ಅಂದರೆ ಎರಡರ ಬೋಲ್ಟ್ ತೂತಿಗೂ ಹೊಂದುವ ಲೋಹದ ಹಲಗೆ, ಮಾಡಿಸುವುದು. ಮೂರನೆಯದು, ಎರಡು ಬೆಲ್ ಹೌಸಿಂಗ್‌ಗಳನ್ನು ಅರ್ಧರ್ಧ ಕತ್ತರಿಸಿ ವೆಲ್ಡ್ ಮಾಡುವುದು. ಈ ಮೂರನೆಯದನ್ನು ಯಾರು ಎಷ್ಟು ಅಗ್ಗಕ್ಕೆ ಹೇಳಿದರೂ ಒಪ್ಪಬೇಡಿ. ಎರಕದ ಲೋಹ ವೆಲ್ಡಿಂಗ್ ಶಾಖಕ್ಕೆ ಎಳೆದುಕೊಳ್ಳುತ್ತದೆ, ಸೆಂಟರ್ ಎಂಬುದು ಅಲ್ಲಿಗೆ ಮುಗಿಯಿತು.

ಸಾಧ್ಯವಿದ್ದರೆ ಮೊದಲನೆಯ ದಾರಿಯೇ ಸರಿ ಎಂಬುದು ನನ್ನ ಅಭಿಪ್ರಾಯ. ಆದರೆ ಗುಜರಿಯಲ್ಲಿ ಕೊಳ್ಳುವಾಗ ಬಿಡಿಬಿಡಿಯಾಗಿ ತರಬೇಡಿ. ಬೆಂಗಳೂರಿನ ಶಿವಾಜಿನಗರಕ್ಕೆ ಹೋಗಿ ಎಂಜಿನ್ ಒಂದು ಅಂಗಡಿಯಲ್ಲಿ, ಬೆಲ್ ಹೌಸಿಂಗ್ ಇನ್ನೊಂದರಲ್ಲಿ ಹಿಡಿದು ತಂದರೆ ಕಾರ್ಖಾನೆಯ ಜೋಡಿಯ ಲಾಭವೇ ಹೋಯಿತು. ಒಂದೇ ಗಾಡಿಯಿಂದ ಇಳಿಸಿದ ಎಂಜಿನ್, ಬೆಲ್ ಹೌಸಿಂಗ್, ಅದನ್ನು ಸರಿ ಜಾಗಕ್ಕೆ ನಿಲ್ಲಿಸುವ ಡೋವೆಲ್ ಪಿನ್ನುಗಳು, ಫ್ಲೈವೀಲ್, ಪ್ರೆಶರ್ ಪ್ಲೇಟ್, ರಿಲೀಸ್ ಫೋರ್ಕ್, ಸ್ಟಾರ್ಟರ್ ಮೋಟಾರ್ ಮತ್ತು ಗೇರ್‌ಬಾಕ್ಸ್ ಎಲ್ಲವನ್ನೂ ಒಟ್ಟಿಗೆ ಕೇಳಿ. ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್, ಪೈಲಟ್ ಬುಷ್ (ಇನ್‌ಪುಟ್ ಶಾಫ್ಟಿನ ತುದಿಗೆ ಕ್ರ್ಯಾಂಕಿನಲ್ಲಿ ಆಸರೆಯಾಗುವ ಬುಷ್) ಮಾತ್ರ ಜೆ.ಸಿ. ರಸ್ತೆಯಲ್ಲಿ ಹೊಸದು ತನ್ನಿ.

ಬಾಕ್ಸಿನ ಹಿಂಭಾಗವನ್ನೂ ಮರೆಯಬಾರದು. ಸ್ಪೈಸರ್ 18 ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿನ ಬೆನ್ನಿಗೆ ನೇರವಾಗಿ ಅಂಟಿ ಕೂರುತ್ತದೆ, ಬಾಕ್ಸಿನ ಮೇನ್‌ಶಾಫ್ಟ್ ತುದಿಯಲ್ಲಿರುವ ಗೇರೇ ಅದನ್ನು ತಿರುಗಿಸುವುದು. ಅದರ ಔಟ್‌ಪುಟ್ ಬಲಗಡೆಗೆ ಸರಿದಿದೆ, ಜೀಪಿನ ಡಿಫರೆನ್ಷಿಯಲ್ಲುಗಳೂ ಅದೇ ಸಾಲಿಗಿವೆ. ಕಾರಿನ ಯಾವುದೋ 5 ಗೇರಿನ ಬಾಕ್ಸ್ ಚೆನ್ನಾಗಿದೆ ಎಂದು ತಂದರೆ ಮುಂಭಾಗ ಹೇಗೋ ಕೂತೀತು, ಹಿಂದೆ ಫೋರ್ ವೀಲ್ ಡ್ರೈವ್ ಬಿಟ್ಟುಕೊಡಬೇಕಾಗುತ್ತದೆ.

2. ಗೇರಿನ ಲೆಕ್ಕ

ಡೀಸೆಲ್ ಎಂಜಿನ್ ಪೆಟ್ರೋಲಿನಷ್ಟು ಸುತ್ತುವುದಿಲ್ಲ. ಸಿಜೆ-3ಬಿಯ ಆಕ್ಸಲ್ ಅನುಪಾತ 5.38. ಟಾಪ್ ಗೇರ್ ನೇರ, ಅಂದರೆ 1ಕ್ಕೆ 1. 6.00-16 ಟೈರ್ ಒಂದು ಸುತ್ತಿಗೆ ಸುಮಾರು 2.25 ಮೀಟರ್ ಸಾಗುತ್ತದೆ ಎಂದುಕೊಳ್ಳಿ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಚಕ್ರ 558 ಸುತ್ತು, ಗಾಡಿಯ ವೇಗ ಗಂಟೆಗೆ 75 ಕಿ.ಮೀ. ತೋಟದಲ್ಲಿ ಇದು ಬೇಕಾದಷ್ಟಾಯಿತು. ಚಿಕ್ಕಮಗಳೂರಿನಿಂದ ಬೆಂಗಳೂರಿಗೆ ಹೊರಟರೆ ಮಾತ್ರ ದಾರಿಯುದ್ದಕ್ಕೂ ಎಂಜಿನ್ ಅರಚುತ್ತಿರುತ್ತದೆ. 5ನೇ ಗೇರ್ 0.8 ಇರುವ ಬಾಕ್ಸ್ ಇದ್ದರೆ ಅದೇ 3000 ಸುತ್ತಿಗೆ 94 ಕಿ.ಮೀ. ಬರುತ್ತದೆ.

ಏರುದಾರಿಯ ಲೆಕ್ಕ ಬೇರೆ. ಟಿ-90ರ ಮೊದಲ ಗೇರ್ 2.798, ಟ್ರಾನ್ಸ್‌ಫರ್ ಕೇಸಿನ ಲೋ 2.46, ಆಕ್ಸಲ್ 5.38. ಮೂರನ್ನೂ ಗುಣಿಸಿದರೆ ಸುಮಾರು 37. ಕೆಸರಿನ ಏರಿಗೆ ಇದು ಪರವಾಗಿಲ್ಲ ಎನ್ನುವ ಮಟ್ಟದ್ದು. 4 ಗೇರಿನ ಬಾಕ್ಸಿನಲ್ಲಿ ಮೊದಲ ಗೇರ್ ಇನ್ನೂ ಭಾರವಾಗಿರುವುದರಿಂದ ತೋಟದವರಿಗೆ ಅದೇ ಹೆಚ್ಚು ಹಿಡಿಸುತ್ತದೆ. ಟಿ-90ರಲ್ಲಿ ಮೊದಲ ಗೇರಿಗೆ ಹಲ್ಲುಗಳ ವೇಗ ಸಮಗೊಳಿಸುವ ಸಿಂಕ್ರೊನೈಸರ್ ಇಲ್ಲ, ಗಾಡಿ ಪೂರ್ತಿ ನಿಂತ ಮೇಲೆಯೇ ಹಾಕಬೇಕು ಎಂಬುದನ್ನೂ ನೆನಪಿಡಿ.

3. ಅಳತೆ

ಅಡಾಪ್ಟರ್ ಪ್ಲೇಟ್ ಹಾಕುವವರು ಈ ಭಾಗವನ್ನು ಹಾರಿಸಬಾರದು. ಕಾರ್ಖಾನೆಯ ಜೋಡಿ ತಂದವರೂ ಒಮ್ಮೆ ಅಳೆದುಕೊಂಡರೆ ನಷ್ಟವಿಲ್ಲ, ಗುಜರಿಯವನು ಕೊಟ್ಟ ಬೆಲ್ ಹೌಸಿಂಗ್ ಅದೇ ಎಂಜಿನ್ನಿನದು ಎಂದು ಹೇಳುವವರು ಯಾರು?

ಬೇಕಾದ ಅಳತೆಗಳು ಇವು. ಗೇರ್‌ಬಾಕ್ಸಿನ ಮುಂದಿನ ಮುಖದಿಂದ ಇನ್‌ಪುಟ್ ಶಾಫ್ಟಿನ ತುದಿವರೆಗೆ ಎಷ್ಟು. ಬೆಲ್ ಹೌಸಿಂಗಿನ ಆಳ ಎಷ್ಟು. ಪ್ಲೇಟಿನ ದಪ್ಪ ಎಷ್ಟು. ಎಂಜಿನ್ನಿನ ಹಿಂದಿನ ಮುಖದಿಂದ ಪೈಲಟ್ ಬುಷ್ಷಿನ ಬಾಯಿ ಎಷ್ಟು ಹಿಂದಕ್ಕೆ ಚಾಚಿದೆ. ಬುಷ್ ಕೂರುವ ತೂತಿನ ಆಳ ಎಷ್ಟು.

ಒಂದು ಮಾದರಿ ಲೆಕ್ಕ ನೋಡಿ. ಹೌಸಿಂಗಿನ ಆಳ 150 ಮಿ.ಮೀ., ಪ್ಲೇಟ್ 12 ಮಿ.ಮೀ., ಒಟ್ಟು 162. ಪೈಲಟ್ ಬುಷ್ಷಿನ ಬಾಯಿ ಎಂಜಿನ್ ಮುಖದಿಂದ 10 ಮಿ.ಮೀ. ಹಿಂದಕ್ಕಿದೆ. ಅಂದರೆ ಬಾಕ್ಸಿನ ಮುಖದಿಂದ ಬುಷ್ಷಿಗೆ 152 ಮಿ.ಮೀ. ಶಾಫ್ಟ್ 168 ಮಿ.ಮೀ. ಉದ್ದ ಇದ್ದರೆ 16 ಮಿ.ಮೀ. ಬುಷ್ಷಿನೊಳಗೆ ಹೋಗುತ್ತದೆ. ತೂತಿನ ಆಳ 20 ಇದ್ದರೆ ತುದಿಯ ಮುಂದೆ 4 ಮಿ.ಮೀ. ಜಾಗ ಉಳಿಯಿತು. ಇದು ಒಳ್ಳೆಯ ಲೆಕ್ಕ.

ಈ 4 ಮಿ.ಮೀ. ಜಾಗ ಇಲ್ಲದೇ ಹೋದರೆ ಬೋಲ್ಟ್ ಬಿಗಿಯುತ್ತ ಬಂದಂತೆ ಶಾಫ್ಟು ಕ್ರ್ಯಾಂಕನ್ನೇ ಮುಂದಕ್ಕೆ ಒತ್ತುತ್ತದೆ. ಎಂಜಿನ್ ಸ್ಟಾರ್ಟ್ ಆಗುತ್ತದೆ, ಗಾಡಿಯೂ ಓಡುತ್ತದೆ, ಒಳಗೆ ಕ್ರ್ಯಾಂಕಿನ ಹಿಂದುಮುಂದಿನ ಒತ್ತಡ ತಾಳುವ ಥ್ರಸ್ಟ್ ವಾಷರ್ ಸವೆದು ಹೋಗುತ್ತಿರುತ್ತದೆ. ಅದಕ್ಕೆ ವಿರುದ್ಧವಾಗಿ ಶಾಫ್ಟ್ ಗಿಡ್ಡವಾಗಿ ಬುಷ್ಷನ್ನು ಬರೀ ಮುಟ್ಟುವಷ್ಟೇ ಇದ್ದರೆ, ಹಿಂದಕ್ಕೆ, ಬಾಕ್ಸಿನ ಕಡೆಗೆ ಚಾಚಿದ ಕಾಲರ್ ಇರುವ ಪೈಲಟ್ ಬುಷ್ಷನ್ನು ಗನ್‌ಮೆಟಲ್‌ನಲ್ಲಿ ಲೇತ್ ಮೇಲೆ ಮಾಡಿಸಿ. ಹಾಗೆಯೇ ಕ್ಲಚ್ ಪ್ಲೇಟಿನ ಹಬ್ ಶಾಫ್ಟಿನ ಸ್ಪ್ಲೈನ್, ಅಂದರೆ ಉದ್ದುದ್ದ ಹಲ್ಲುಗಳ ಮೇಲೆ ಪೂರ್ತಿ ಉದ್ದಕ್ಕೂ ಕೂತಿದೆಯೇ ನೋಡಿ.

ಇನ್ನೊಂದು ವಿಷಯವನ್ನು ಬಹಳ ಮಂದಿ ಮರೆಯುತ್ತಾರೆ. ಸ್ಟಾರ್ಟರ್ ಮೋಟಾರ್ ಬೆಲ್ ಹೌಸಿಂಗ್ ಮೇಲೆ ಕೂರುವ ಮಾದರಿಯಾಗಿದ್ದು, ಪ್ಲೇಟನ್ನು ಎಂಜಿನ್ನಿಗೂ ಹೌಸಿಂಗಿಗೂ ನಡುವೆ ಹಾಕಿದರೆ, ಸ್ಟಾರ್ಟರೂ 12 ಮಿ.ಮೀ. ಹಿಂದೆ ಹೋಗುತ್ತದೆ, ಪಿನಿಯನ್ ರಿಂಗ್ ಗೇರನ್ನು ಸರಿಯಾಗಿ ಹಿಡಿಯುವುದಿಲ್ಲ. ಪ್ಲೇಟನ್ನು ಹೌಸಿಂಗಿಗೂ ಬಾಕ್ಸಿಗೂ ನಡುವೆ ಹಾಕಿದರೆ ಈ ತಲೆನೋವೇ ಇರುವುದಿಲ್ಲ.

ಪ್ಲೇಟ್ ಮಾಡಿಸುವಾಗ ಲೇತಿನವರಿಗೆ ಹೇಳಬೇಕಾದ್ದು ಎರಡೇ ಮಾತು. ಎರಡೂ ಮುಖ ಗ್ರೈಂಡ್ ಆಗಿ ಒಂದಕ್ಕೊಂದು ಸಮಾಂತರ ಇರಬೇಕು. ನಡುವಿನ ಬೋರ್ ಮತ್ತು ಎರಡೂ ಕಡೆಯ ಬೋಲ್ಟ್ ತೂತುಗಳು ಒಂದೇ ಸೆಟ್ಟಿಂಗಿನಲ್ಲಿ, ಜಾಬ್ ಬಿಚ್ಚದೆ ಆಗಬೇಕು. ರಟ್ಟಿನ ಮೇಲೆ ಮಸಿ ಒತ್ತಿ ತೆಗೆದ ನಕಲನ್ನು ಕೊಟ್ಟು ಡ್ರಿಲ್ ಹೊಡೆಸುವ ಪದ್ಧತಿ ಎಲ್ಲೆಲ್ಲೂ ಇದೆ. ಬೋಲ್ಟ್ ತೂರಿ ಬರುವುದಕ್ಕೆ ಅದು ಸಾಕು, ಸೆಂಟರಿಗೆ ಸಾಲದು.

4. ಸೆಂಟರ್ ಹಿಡಿಯುವುದು

ಬೇಕಾದ ಸಾಧನ ಮ್ಯಾಗ್ನೆಟ್ ಸ್ಟ್ಯಾಂಡ್ ಇರುವ, ಮಿ.ಮೀ.ನ ನೂರನೇ ಭಾಗವನ್ನೂ ಅಳೆಯುವ ಒಂದು ಡಯಲ್ ಗೇಜ್. ಪೀಣ್ಯದ ಯಾವ ಲೇತ್ ಶಾಪಿನಲ್ಲಿ ಕೇಳಿದರೂ ಇರುತ್ತದೆ.

ಎಂಜಿನ್ನಿಗೆ ಫ್ಲೈವೀಲ್ ಹಾಕಿ. ಕ್ಲಚ್ ಬೇಡ. ಬೆಲ್ ಹೌಸಿಂಗನ್ನು, ಪ್ಲೇಟ್ ಇದ್ದರೆ ಅದರ ಸಮೇತ, ಡೋವೆಲ್ ಪಿನ್ನುಗಳೊಂದಿಗೆ ಕೂರಿಸಿ ಎಲ್ಲ ಬೋಲ್ಟ್ ಬಿಗಿಮಾಡಿ. ಸ್ಟ್ಯಾಂಡನ್ನು ಫ್ಲೈವೀಲಿಗೆ ಅಂಟಿಸಿ, ಗೇಜಿನ ಮುಳ್ಳನ್ನು ಹಿಂಭಾಗದ ಬೋರಿನ ಒಳಗೋಡೆಗೆ ಒರಗಿಸಿ. ಗೇರ್‌ಬಾಕ್ಸಿನ ಮುಂಬದಿಯ ಬೇರಿಂಗ್ ರಿಟೇನರ್ ಕೂರುವ ಬೋರ್ ಅದು. ಗ್ಲೋ ಪ್ಲಗ್ ಅಥವಾ ಇಂಜೆಕ್ಟರ್ ತೆಗೆದರೆ ಎಂಜಿನ್ ಕೈಯಲ್ಲೇ ತಿರುಗುತ್ತದೆ. ಮೇಲ್ತುದಿಯಲ್ಲಿ ಗೇಜನ್ನು ಸೊನ್ನೆಗೆ ತಂದು, ಕ್ರ್ಯಾಂಕ್ ನಿಧಾನ ತಿರುಗಿಸುತ್ತ ಎಡ, ಕೆಳಗೆ, ಬಲ, ಮತ್ತೆ ಮೇಲೆ ಓದಿ ಬರೆದುಕೊಳ್ಳಿ. ಮತ್ತೆ ಮೇಲೆ ಬಂದಾಗ ಸೊನ್ನೆಯೇ ಬರಬೇಕು.

ಹಿಂದೆ ನಿಂತು ನೋಡುವವರ ಎಡಬಲದಂತೆ, ಮೇಲೆ 0, ಎಡಕ್ಕೆ 0.28, ಕೆಳಗೆ 0.36, ಬಲಕ್ಕೆ 0.08 ಮಿ.ಮೀ. ಬಂತು ಎನ್ನಿ. ಮೊದಲು ಒಂದು ತಾಳೆ: ಮೇಲೆ ಕೆಳಗೆ ಕೂಡಿದರೆ 0.36, ಎಡ ಬಲ ಕೂಡಿದರೂ 0.36. ಸರಿಹೊಂದಿತು. ಹೊಂದದಿದ್ದರೆ ಸ್ಟ್ಯಾಂಡ್ ಅಲುಗಾಡಿದೆ ಎಂದರ್ಥ, ಮತ್ತೆ ಅಳೆಯಿರಿ. ಗೇಜಿನ ಮುಳ್ಳು ಒಳಕ್ಕೆ ಒತ್ತಿದಾಗ ಅಂಕಿ ಏರುತ್ತದೆ. ಕೆಳಗೆ ಏರಿದೆ, ಅಂದರೆ ಕೆಳಗಿನ ಗೋಡೆ ಕ್ರ್ಯಾಂಕಿಗೆ ಹತ್ತಿರವಿದೆ, ಹೌಸಿಂಗ್ ಮೇಲಕ್ಕೆ ಕೂತಿದೆ. ವ್ಯತ್ಯಾಸದ ಅರ್ಧ, ಅಂದರೆ 0.18 ಮಿ.ಮೀ. ಕೆಳಕ್ಕೆ ಸರಿಯಬೇಕು. ಎಡಬಲದ ವ್ಯತ್ಯಾಸ 0.20, ಎಡಗೋಡೆ ಹತ್ತಿರವಿದೆ, ಹೌಸಿಂಗ್ 0.10 ಮಿ.ಮೀ. ಎಡಕ್ಕೆ ಸರಿಯಬೇಕು.

ಎಷ್ಟರವರೆಗೆ ಬಿಡಬಹುದು? ಗೇಜ್ ತೋರುವ ಅತಿ ಕಡಿಮೆ ಮತ್ತು ಅತಿ ಹೆಚ್ಚು ಓದಿನ ನಡುವೆ 0.13 ಮಿ.ಮೀ., ನಮ್ಮ ಲೇತಿನವರ ಭಾಷೆಯಲ್ಲಿ ಐದು ತೌ (ಇಂಚಿನ ಸಾವಿರ ಪಾಲಿನಲ್ಲಿ ಐದು). ಅದರೊಳಗೆ ಇದ್ದರೆ ಮುಂದಕ್ಕೆ ಹೋಗಬಹುದು.

ಸರಿಪಡಿಸುವುದಕ್ಕೆ ಸೆಂಟರ್ ಸರಿದ ಡೋವೆಲ್ ಪಿನ್ನುಗಳು ಸಿಗುತ್ತವೆ, ಆದರೆ ನಮ್ಮಲ್ಲಿ ಹುಡುಕಾಡಬೇಕು. ಸುಲಭದ ಇನ್ನೊಂದು ಹಾದಿ ಇದೆ. ಹಳೇ ಡೋವೆಲ್ ತೆಗೆದು, ಬೋಲ್ಟುಗಳನ್ನು ಅರ್ಧ ಸಡಿಲಿಸಿ, ಹೌಸಿಂಗನ್ನು ಮರದ ಸುತ್ತಿಗೆಯಿಂದ ತಟ್ಟುತ್ತ ಗೇಜ್ ನೋಡುತ್ತ ಬನ್ನಿ. ಸೆಂಟರ್ ಬಂದೊಡನೆ ಬಿಗಿದು, ಆ ಜಾಗದಲ್ಲೇ ಹೊಸದಾಗಿ ಎರಡು ತೂತು ರೀಮ್ ಮಾಡಿಸಿ ಹೊಸ ಡೋವೆಲ್ ಹೊಡೆಯಿರಿ. ಡೋವೆಲ್ ಇಲ್ಲದೆ ಬರೀ ಬೋಲ್ಟ್ ಮೇಲೆ ಬಿಡುವ ಹಾಗಿಲ್ಲ. ಬೋಲ್ಟಿನ ಕೆಲಸ ಬಿಗಿಯಾಗಿ ಒತ್ತಿ ಹಿಡಿಯುವುದು ಮಾತ್ರ, ಜಾಗ ನಿಲ್ಲಿಸುವುದು ಡೋವೆಲ್.

ಕಡೆಗೆ ಗೇಜಿನ ಮುಳ್ಳನ್ನು ಹೌಸಿಂಗಿನ ಹಿಂಬದಿಯ ಮುಖಕ್ಕೆ ಇಟ್ಟು ಮತ್ತೊಂದು ಸುತ್ತು. ಇದು ಮುಖ ಓರೆಯಾಗಿದೆಯೇ ಎಂದು ತಿಳಿಯಲು. ಈ ಸುತ್ತಿನಲ್ಲಿ ಕ್ರ್ಯಾಂಕನ್ನು ಒಂದೇ ದಿಕ್ಕಿಗೆ ಒತ್ತಿ ಹಿಡಿದೇ ತಿರುಗಿಸಬೇಕು. ಇಲ್ಲದಿದ್ದರೆ ಕ್ರ್ಯಾಂಕಿನ ಹಿಂದುಮುಂದಿನ ಆಟವೂ ಅಳತೆಯಲ್ಲಿ ಸೇರಿಬಿಡುತ್ತದೆ. ಓರೆ ಕಂಡರೆ ಮೊದಲು ಮುಖದ ಮೇಲಿನ ಪೇಂಟು, ಹಳೇ ಗ್ಯಾಸ್ಕೆಟ್ ಚೂರು, ಏಟು ಬಿದ್ದ ಅಂಚು ನೋಡಿ. ಬಹಳ ಸಲ ಸಾಣೆಕಲ್ಲಿನಲ್ಲಿ ಉಜ್ಜಿದರೇ ಸರಿಹೋಗುತ್ತದೆ.

5. ಕ್ಲಚ್

ಸೂತ್ರ ಸರಳ: ಕ್ಲಚ್ ಪ್ಲೇಟಿನ ಅಗಲ ಎಂಜಿನ್ನಿನ ಫ್ಲೈವೀಲಿಗೆ ಹೊಂದಬೇಕು, ಹಬ್ಬಿನ ಹಲ್ಲು ಗೇರ್‌ಬಾಕ್ಸಿನ ಶಾಫ್ಟಿಗೆ ಹೊಂದಬೇಕು. ಎರಡೂ ಇರುವ ಪ್ಲೇಟ್ ಸಿದ್ಧ ಸಿಗದಿದ್ದರೆ ಹಳೇ ಬಾಕ್ಸಿನ ಹಬ್ಬನ್ನು ಹೊಸ ಎಂಜಿನ್ನಿನ ಡಿಸ್ಕಿಗೆ ರಿವೆಟ್ ಮಾಡಿಕೊಡುವ ಕ್ಲಚ್ ಅಂಗಡಿಗಳಿವೆ. ನಡುವೆ ಸ್ಪ್ರಿಂಗ್ ಇರುವ ಪ್ಲೇಟೇ ಆಗಬೇಕು. ಡೀಸೆಲ್ ಎಂಜಿನ್ನಿನ ಒಂದೊಂದು ಸಿಡಿತವೂ ಪೆಟ್ರೋಲಿಗಿಂತ ಗಡುಸು, ಆ ಹೊಡೆತವನ್ನು ನುಂಗುವುದು ಆ ಸ್ಪ್ರಿಂಗುಗಳೇ. ಪ್ಲೇಟನ್ನು ಫ್ಲೈವೀಲಿಗೆ ಹಿಡಿದು ಕೈಯಲ್ಲಿ ತಿರುಗಿಸಿ, ಹಬ್ಬು ಫ್ಲೈವೀಲ್ ಬೋಲ್ಟಿನ ತಲೆಗೆ ತಾಗುತ್ತಿದೆಯೇ ನೋಡಿ.

ಪ್ರೆಶರ್ ಪ್ಲೇಟ್ ಮೂರು ಬೆರಳಿನದೋ ಡಯಾಫ್ರಮ್ಮಿನದೋ ಎಂಬುದರ ಮೇಲೆ ರಿಲೀಸ್ ಬೇರಿಂಗ್ ನಿರ್ಧಾರವಾಗುತ್ತದೆ. ಒಂದರ ಬೇರಿಂಗ್ ಇನ್ನೊಂದಕ್ಕೆ ಹಾಕಬೇಡಿ.

ಹಳೇ ಜೀಪಿನ ರಾಡ್ ಲಿಂಕೇಜ್ ಬಿಟ್ಟು ಹೈಡ್ರಾಲಿಕ್ ಮಾಡುವುದು ಒಳ್ಳೆಯದು. ಡೀಸೆಲ್ ಎಂಜಿನ್ ಐಡಲ್‌ನಲ್ಲಿ ಅಲ್ಲಾಡುವಾಗ ರಾಡ್ ಇದ್ದರೆ ಪೆಡಲ್ಲಿಗೇ ನಡುಕ ಬರುತ್ತದೆ. ಪೆಡಲ್ ಬಳಿಯ ಮಾಸ್ಟರ್ ಸಿಲಿಂಡರ್ 3/4 ಇಂಚು, ಫೋರ್ಕ್ ತಳ್ಳುವ ಸ್ಲೇವ್ ಸಿಲಿಂಡರ್ 7/8 ಇಂಚು ಇದ್ದರೆ ಮಾಸ್ಟರ್ 25 ಮಿ.ಮೀ. ತಳ್ಳಿದಾಗ ಸ್ಲೇವ್ 18 ಮಿ.ಮೀ. ಚಿಲ್ಲರೆ ಸರಿಯುತ್ತದೆ. ಫೋರ್ಕಿಗೆ ಎಷ್ಟು ಚಲನೆ ಬೇಕೋ ಅಳೆದು ಸಿಲಿಂಡರ್ ಆರಿಸಿ. ಪೆಡಲ್ ಹಗುರವಾಗಲಿ ಎಂದು ದೊಡ್ಡ ಸ್ಲೇವ್ ಹಾಕಿದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ, ಗೇರ್ ಕರಕರ ಎನ್ನುತ್ತದೆ.

6. ಕೂಡಿಸುವುದು

ಎರಡು ಉದ್ದ ಬೋಲ್ಟುಗಳ ತಲೆ ಕತ್ತರಿಸಿ, ತುದಿಗೆ ಸ್ಕ್ರೂಡ್ರೈವರ್ ಕೂರುವ ಗೀರು ಕೊರೆದು, ಹೌಸಿಂಗಿನ ಮೇಲಿನ ಎರಡು ತೂತಿಗೆ ಗೈಡಿನಂತೆ ಹಾಕಿ. ಹಳೇ ಇನ್‌ಪುಟ್ ಶಾಫ್ಟ್ ಒಂದಿದ್ದರೆ ಅದರಿಂದ ಕ್ಲಚ್ ಪ್ಲೇಟನ್ನು ನಡುವಿಗೆ ತಂದು ಪ್ರೆಶರ್ ಪ್ಲೇಟ್ ಬಿಗಿಮಾಡಿ. ಸ್ಪ್ಲೈನಿಗೆ ಗ್ರೀಸ್ ತೆಳುವಾಗಿ ಸವರಿದರೆ ಸಾಕು, ಹೆಚ್ಚಾದದ್ದು ಹಾರಿ ಪ್ಲೇಟಿಗೇ ಬೀಳುತ್ತದೆ. ಬಾಕ್ಸನ್ನು ಜ್ಯಾಕ್ ಮೇಲೆ ಸಮವಾಗಿ ಎತ್ತಿ ಗೈಡಿನ ಮೇಲೆ ಜಾರಿಸಿ. ಟಾಪ್ ಗೇರಿನಲ್ಲಿಟ್ಟು ಹಿಂದಿನ ಫ್ಲ್ಯಾಂಜ್ ಸ್ವಲ್ಪ ತಿರುಗಿಸಿದರೆ ಹಲ್ಲು ಸೇರುತ್ತದೆ.

ಮುಖಗಳ ನಡುವೆ ಸಂದು ಉಳಿದಿದ್ದರೆ ಬೋಲ್ಟಿನಿಂದ ಎಳೆಯಬೇಡಿ. ಸೆಂಟರ್ ಸರಿ ಇದ್ದ ಬಾಕ್ಸ್ ಕೈಯಲ್ಲೇ ಮುಖಕ್ಕೆ ಮುಖ ಬಂದು ಕೂರುತ್ತದೆ. ಕೂರದಿದ್ದರೆ ಹೊರತೆಗೆದು ಕಾರಣ ಹುಡುಕಿ. ಅರ್ಧ ಕೂತ ಬಾಕ್ಸನ್ನು ಕ್ಲಚ್ ಪ್ಲೇಟಿನ ಮೇಲೆ ನೇತುಬಿಟ್ಟು ಊಟಕ್ಕೂ ಹೋಗಬೇಡಿ, ಹಬ್ ಬಾಗುವುದು ಆ ಹೊತ್ತಿನಲ್ಲೇ. ಗಾಡಿಯ ಕೆಳಗೆ ಇಳಿಯುವಾಗ ಜ್ಯಾಕ್ ಒಂದನ್ನೇ ನಂಬದೆ ಸ್ಟ್ಯಾಂಡ್ ಕೊಡಿ. ಬೋಲ್ಟ್ ತೂತು ಸರಿಬಂತೇ ಎಂದು ಬೆರಳು ತೂರಿಸಿ ನೋಡಬೇಡಿ.

7. ಮೌಂಟ್, ಪ್ರೊಪೆಲ್ಲರ್ ಶಾಫ್ಟ್

ಎಂಜಿನ್ ಮತ್ತು ಬಾಕ್ಸ್ ಒಂದಾದ ಮೇಲೆಯೇ ಮೌಂಟಿನ ಜಾಗ ಗುರುತಿಸಿ, ಮೊದಲು ಟ್ಯಾಕ್ ವೆಲ್ಡ್ ಮಾತ್ರ ಹಾಕಿ. ಮುಂದಿನ ಆಕ್ಸಲ್ ಮೇಲಕ್ಕೆ ಎದ್ದಾಗ ಎಂಜಿನ್ನಿನ ತಳದ ಎಣ್ಣೆ ತೊಟ್ಟಿಗೆ, ಅಂದರೆ ಸಂಪ್‌ಗೆ, ತಾಗದಂತೆ ಜಾಗ ಬೇಕು. ಸಂಪ್ ಮುಂದಕ್ಕಿರುವ ಎಂಜಿನ್ ಜೀಪಿಗೆ ಹೊಂದದೇ ಇರುವುದು ಇದಕ್ಕೇ.

ಸಿಜೆ-3ಬಿಯ ಗಾಲಿ ಅಂತರ 80 ಇಂಚು ಮಾತ್ರ. 4 ಗೇರಿನ ಬಾಕ್ಸ್ ಟಿ-90ಗಿಂತ ಉದ್ದ. ಅದು ಎಷ್ಟು ಹಿಂದೆ ಬಂತೋ ಅಷ್ಟು ಹಿಂದಿನ ಆಕ್ಸಲ್ಲಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಗಿಡ್ಡವಾಗುತ್ತದೆ, ಜಾಯಿಂಟಿನ ಕೋನ ಏರುತ್ತದೆ. ಶಾಫ್ಟ್ 500 ಮಿ.ಮೀ. ಇದ್ದು 120 ಮಿ.ಮೀ. ಇಳಿಜಾರಿದ್ದರೆ ಕೋನ ಸುಮಾರು 14 ಡಿಗ್ರಿ. ಶಾಫ್ಟ್ 400ಕ್ಕೆ ಇಳಿದರೆ 17 ಡಿಗ್ರಿ ದಾಟುತ್ತದೆ. ಆದ್ದರಿಂದ ರೇಡಿಯೇಟರಿಗೆ ಫ್ಯಾನ್ ತಾಗದ ಮಟ್ಟಿಗೆ ಎಂಜಿನ್ನನ್ನು ಮುಂದಕ್ಕೇ ಕೂರಿಸಿ. ಟ್ರಾನ್ಸ್‌ಫರ್ ಕೇಸಿನ ಫ್ಲ್ಯಾಂಜೂ ಡಿಫರೆನ್ಷಿಯಲ್ಲಿನ ಫ್ಲ್ಯಾಂಜೂ ಸಮಾಂತರ ಇರಲಿ, ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬೇಡ. ಗಾಡಿ ತನ್ನ ಗಾಲಿಯ ಮೇಲೆ ನಿಂತಿರುವಾಗ ಶಾಫ್ಟಿನ ಉದ್ದ ಹೆಚ್ಚುಕಡಿಮೆ ಆಗಲು ಜಾರುವ ಸ್ಲಿಪ್ ಜಾಯಿಂಟಿಗೆ ಎರಡೂ ಕಡೆ 25 ಮಿ.ಮೀ. ಆಟ ಉಳಿಯುವಂತೆ ಶಾಫ್ಟ್ ಕತ್ತರಿಸಿ ಬ್ಯಾಲೆನ್ಸ್ ಮಾಡಿಸಿ.

ಸ್ಪೀಡೋಮೀಟರ್ ಚಿಂತೆ ಬೇಡ. ಅದರ ಕೇಬಲ್ ಹೊರಡುವುದು ಟ್ರಾನ್ಸ್‌ಫರ್ ಕೇಸಿನಿಂದ, ಬಾಕ್ಸ್ ಬದಲಾದರೂ ಆಕ್ಸಲ್ ಮತ್ತು ಟೈರ್ ಅದೇ ಇದ್ದರೆ ವೇಗ ಸರಿಯಾಗಿಯೇ ತೋರಿಸುತ್ತದೆ.

8. ಎಣ್ಣೆ, ಮೊದಲ ಓಟ

ಹಿತ್ತಾಳೆಯ ಸಿಂಕ್ರೊ ರಿಂಗ್ ಇರುವ ಬಾಕ್ಸಿಗೆ ಜಿಎಲ್-4 ದರ್ಜೆಯ 90 ಎಣ್ಣೆ ಹಾಕಿ, ಡಿಫರೆನ್ಷಿಯಲ್ಲಿನ ಜಿಎಲ್-5 ಬೇಡ. ಟಿ-90 ಇಟ್ಟುಕೊಂಡವರು ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸ್ ಎರಡರ ಎಣ್ಣೆಯನ್ನೂ ಆಗಾಗ ನೋಡುತ್ತಿರಬೇಕು, ನಡುವಿನ ಸೀಲ್ ಸೋತರೆ ಒಂದರದು ಇನ್ನೊಂದಕ್ಕೆ ಇಳಿಯುತ್ತದೆ.

ಮೊದಲು ನಾಲ್ಕೂ ಗಾಲಿ ಎತ್ತಿ ಸ್ಟ್ಯಾಂಡ್ ಮೇಲೆ ಓಡಿಸಿ. ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟಾಗ ಮಾತ್ರ ಬರುವ ಸದ್ದು ಗೇರ್‌ಬಾಕ್ಸಿನ ಮುಂದಿನ ಬೇರಿಂಗಿನದು. ಕ್ಲಚ್ ಹಗುರವಾಗಿ ಮುಟ್ಟಿದೊಡನೆ ಶುರುವಾದರೆ ರಿಲೀಸ್ ಬೇರಿಂಗ್. ಗಾಡಿ ಗೇರಿನಲ್ಲಿದ್ದು ಕ್ಲಚ್ ಪೂರ್ತಿ ತುಳಿದಾಗ ಮಾತ್ರ ಕಿರುಗುಟ್ಟಿದರೆ ಪೈಲಟ್ ಬುಷ್, ಅಂದರೆ ಮತ್ತೆ ಸೆಂಟರಿನ ಕಡೆಗೇ ನೋಡಬೇಕು. ಆಮೇಲೆ ಖಾಲಿ ಗಾಡಿಯನ್ನು ಸಮ ರಸ್ತೆಯಲ್ಲಿ ಓಡಿಸಿ, ಟಾಪ್ ಗೇರಿನಲ್ಲಿ ಕಾಲು ಒತ್ತುತ್ತ ಬಿಡುತ್ತ ಗೇರ್ ಜಾರುತ್ತದೆಯೇ ನೋಡಿ. 500 ಕಿ.ಮೀ. ಆದ ಮೇಲೆ ಬೆಲ್ ಹೌಸಿಂಗ್, ಮೌಂಟ್, ಪ್ರೊಪೆಲ್ಲರ್ ಶಾಫ್ಟಿನ ಬೋಲ್ಟ್‌ಗಳನ್ನೆಲ್ಲ ಮತ್ತೆ ಬಿಗಿದು, ಬಾಕ್ಸಿನ ಡ್ರೈನ್ ಪ್ಲಗ್ ಬಿಚ್ಚಿ ಎಣ್ಣೆಯನ್ನು ಬಿಳಿ ಬಟ್ಟೆಯ ಮೇಲೆ ಹನಿಸಿ ನೋಡಿ. ಹಿತ್ತಾಳೆಯ ನಯವಾದ ಹೊಳಪು ಸ್ವಲ್ಪ ಇದ್ದೇ ಇರುತ್ತದೆ. ಉಕ್ಕಿನ ಚೂರು ಕಂಡರೆ ಗಾಡಿಯನ್ನು ಏರಿಗೆ ಹಾಕದೆ ಬಾಕ್ಸ್ ಇಳಿಸಿ.